ಕೊಟ್ಟಿಗೆಯ ಮಗಳು ಪ್ರಯೋಗಾಲಯಕ್ಕೆ ಹೊರಟಾಗ

ಭಾರತ ಹುಣ್ಣಿಮೆಯ ದಿನಗಳಲ್ಲಿ ರಾಯಬಾಗ ತಾಲೂಕಿನ ಚಿಂಚಲಿಯನ್ನು ಕಂಡವರು ಆ ನೋಟವನ್ನು ಸುಲಭವಾಗಿ ಮರೆಯಲಾರರು. ಮಾಯಕ್ಕದೇವಿಯ ಜಾತ್ರೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಲಕ್ಷಾಂತರ ಜನ ಸೇರುತ್ತಾರೆ. ಬಿಲ್ಲಿನಂತೆ ಬಾಗಿದ ಕೊಂಬು, ಬೂದುಬಿಳುಪಿನ ಮೈ, ಚುರುಕು ನಡಿಗೆಯ ಖಿಲಾರಿ ಎತ್ತುಗಳನ್ನು ಹೂಡಿದ ಚಕ್ಕಡಿಗಳು ಈ ಗಡಿನಾಡಿನ ರೈತನ ಹೆಮ್ಮೆ. ನಮ್ಮ ಶ್ರದ್ಧೆ ಬೇರೆಯಾದರೂ ನೆರೆಯವರ ಹಬ್ಬದ ಧೂಳು ನಮ್ಮ ಅಂಗಳಕ್ಕೂ ಬೀಳುತ್ತದೆ. ಅವರ ಸುಗ್ಗಿ ನಮ್ಮ ಸುಗ್ಗಿ, ಅವರ ಬರ ನಮ್ಮ ಬರ.

ಅಂತಹ ಒಂದು ಜಾತ್ರೆ ಮುಗಿದ ಮರುವಾರ, ಭಾನುವಾರದ ಬಲಿಪೂಜೆಯ ನಂತರ, ನಮ್ಮ ಪರಿಚಯದ ರೈತರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ನಾಲ್ಕು ಎಮ್ಮೆ, ಒಂದು ಜೋಡಿ ಎತ್ತು, ಎರಡು ಎಕರೆ ಕಬ್ಬು: ಅವರ ಸಂಸಾರದ ಆಧಾರ ಇಷ್ಟೇ. ಅವರ ಮಗಳು ಜೈವಿಕ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಸಂಶೋಧನಾ ವೇತನದ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು. ಆಯ್ದುಕೊಳ್ಳಬೇಕೆಂದಿರುವ ವಿಷಯ ಕೋಶಕೃಷಿ. ಅಂದರೆ ಹಾಲು, ಮಾಂಸ, ಮೀನು ಮುಂತಾದವನ್ನು ಪ್ರಾಣಿಯಿಂದಲ್ಲ, ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಿಂದ ಪಡೆಯುವ ವಿದ್ಯೆ. ತಂದೆಯ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಕಳವಳವಿತ್ತು. "ಫಾದರ್, ಎಮ್ಮಿ ಹಾಲ ಮಾರಿ ಮಗಳನ್ನ ಓದಿಸೇನಿ. ಆಕಿ ಓದಿದ ವಿದ್ಯಾ ನಾಳೆ ನಮ್ಮ ಎಮ್ಮಿಗೇ ಕೆಲಸ ಇಲ್ಲದಂಗ ಮಾಡಿದರ ಹೆಂಗ್ರಿ?" ಎಂದು ಕೇಳಿದರು.

ಇಂತಹ ಪ್ರಶ್ನೆಗೆ ಗುಡಿಯ ಮೆಟ್ಟಿಲ ಮೇಲೆ ನಿಂತು ಉತ್ತರ ಹೇಳುವುದು ಉಚಿತವಲ್ಲವೆಂದು ನಾವು ಎರಡು ವಾರಗಳ ಅವಧಿ ಬೇಡಿದೆವು. ಅಂದು ಅವರಿಗೆ ಹೇಳಬೇಕಾಗಿದ್ದುದನ್ನೇ ಇಲ್ಲಿ ಎಲ್ಲ ಕುಟುಂಬಗಳ ಮುಂದೆ ಇಡುತ್ತಿದ್ದೇವೆ.

ಏನಿದು ಕೋಶಕೃಷಿ?

ಪ್ರಾಣಿಯ ಸ್ನಾಯುವಿನಲ್ಲಿ ಗಾಯ ಮಾಯಿಸುವ ಕೆಲವು ಮೂಲಕೋಶಗಳಿರುತ್ತವೆ. ಜೀವಂತ ಪ್ರಾಣಿಯಿಂದ ಕಾಳಿನಷ್ಟು ಸ್ನಾಯುವನ್ನು ತೆಗೆದು, ಆ ಕೋಶಗಳನ್ನು ಬೇರ್ಪಡಿಸಿ, ಸಕ್ಕರೆ, ಅಮೈನೋ ಆಮ್ಲ, ಲವಣ, ಜೀವಸತ್ವಗಳುಳ್ಳ ದ್ರವದಲ್ಲಿ ಪ್ರಾಣಿಯ ಮೈಯಷ್ಟೇ ಬಿಸಿಯಲ್ಲಿ ಇಟ್ಟರೆ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ ಎಂಬ ವಿಜ್ಞಾನಿ 2013ರ ಆಗಸ್ಟ್‌ನಲ್ಲಿ ಹೀಗೆ ಬೆಳೆಸಿದ ಮಾಂಸದ ಒಂದು ತುಣುಕನ್ನು ಲಂಡನ್ನಿನಲ್ಲಿ ಜನರೆದುರು ಬೇಯಿಸಿ ತೋರಿಸಿದರು. ಆ ಒಂದೇ ತುಣುಕಿಗೆ ತಗಲಿದ ವೆಚ್ಚ ಸುಮಾರು 2.5 ಲಕ್ಷ ಯೂರೋ! 2020ರ ಡಿಸೆಂಬರ್‌ನಲ್ಲಿ ಸಿಂಗಪುರ ಇಂತಹ ಕೋಳಿಮಾಂಸದ ಮಾರಾಟಕ್ಕೆ ಒಪ್ಪಿಗೆಯಿತ್ತಿತು; 2023ರಲ್ಲಿ ಅಮೆರಿಕವೂ ಅನುಮತಿಸಿತು. ಅದೇ ವರ್ಷ ಇಟಲಿ ದೇಶವು ತನ್ನ ರೈತರ ಹೆಸರಿನಲ್ಲಿ ಅದನ್ನು ನಿಷೇಧಿಸಿತು. ಲೋಕ ಇನ್ನೂ ಒಮ್ಮತಕ್ಕೆ ಬಂದಿಲ್ಲ.

ನಮ್ಮ ದೇಶವೂ ಸುಮ್ಮನೆ ಕುಳಿತಿಲ್ಲ. 2019ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯು ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ ಹಾಗೂ ರಾಷ್ಟ್ರೀಯ ಮಾಂಸ ಸಂಶೋಧನಾ ಕೇಂದ್ರಗಳಿಗೆ ಈ ಸಂಶೋಧನೆಗಾಗಿ ಸುಮಾರು 4.5 ಕೋಟಿ ರೂಪಾಯಿ ಒದಗಿಸಿತು. 2024ರ ಜನವರಿಯಲ್ಲಿ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಮೀನಿನ ಕೋಶಗಳನ್ನು ಬೆಳೆಸಲು ಖಾಸಗಿ ಸಂಸ್ಥೆಯೊಂದರೊಡನೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಜೈವಿಕ ಉದ್ಯಮ ನೀತಿಯಲ್ಲಿ ಇಂತಹ ಪ್ರೋಟೀನುಗಳಿಗೂ ಸ್ಥಾನವಿದೆ.

ಹೊಸದೆಂದು ಬೆಚ್ಚಬೇಕಿಲ್ಲ

ಕೋಶದಿಂದ ಬೆಳೆ ಎಂಬುದು ನಮ್ಮ ರೈತರಿಗೆ ಪೂರ್ಣವಾಗಿ ಅಪರಿಚಿತವೇನೂ ಅಲ್ಲ. ಕೃಷ್ಣೆಯ ದಂಡೆಯ ಹೊಲಗಳಲ್ಲಿ ನೆಡುವ ಜಿ-9 ಬಾಳೆಯ ಸಸಿ ತಾಯಿಗಿಡದ ಬುಡದಿಂದ ಕಿತ್ತ ಕಂದಲ್ಲ. ಗಾಜಿನ ಸೀಸೆಯಲ್ಲಿ ಅಂಗಾಂಶದಿಂದ ಬೆಳೆಸಿದ್ದು. ಮಧುಮೇಹಿಗಳ ಇನ್ಸುಲಿನ್ ಹಿಂದೆ ವಧೆಯಾದ ದನ ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು. 1982ರಿಂದೀಚೆಗೆ ಸೂಕ್ಷ್ಮಜೀವಿಗಳ ಕೋಶದಲ್ಲಿ ತಯಾರಾದುದು ಮಾರುಕಟ್ಟೆಗೆ ಬಂತು. ಗಿಣ್ಣದಂತೆ ಹಾಲನ್ನು ಗಟ್ಟಿಗೊಳಿಸಿ ಚೀಸ್ ಮಾಡಲು ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದ ಕಿಣ್ವಕ್ಕೂ 1990ರಲ್ಲಿ ಅಮೆರಿಕದಲ್ಲಿ ಇಂತಹುದೇ ಬದಲಿಗೆ ಅನುಮತಿ ದೊರೆಯಿತು. ಇವುಗಳಿಂದ ರೋಗಿಗೂ ಕರುವಿಗೂ ಒಳಿತೇ ಆಗಿದೆ.

"ಇದು ಪ್ರಕೃತಿಗೆ ವಿರುದ್ಧವಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಗುರುಮಠದಲ್ಲಿ ನಾವು ಕಲಿತ ತತ್ವಶಾಸ್ತ್ರದಲ್ಲಿ ಅರಿಸ್ಟಾಟಲನು ಚರ್ಚಿಸುವ ಒಂದು ಹಳೆಯ ದೃಷ್ಟಾಂತವಿದೆ. ಮಂಚವೊಂದನ್ನು ಮಣ್ಣಿನಲ್ಲಿ ಹೂಳಿದರೆ, ಒಂದು ವೇಳೆ ಅದು ಚಿಗುರಿದರೂ ಮೂಡುವುದು ಮರವೇ ಹೊರತು ಇನ್ನೊಂದು ಮಂಚವಲ್ಲ. ಮಂಚದ ಆಕಾರ ಬಡಗಿಯ ಕಲೆ. ಚಿಗುರುವ ಶಕ್ತಿ ಮರದ ಪ್ರಕೃತಿ. ಕೋಶಕೃಷಿಯಲ್ಲೂ ಇವೆರಡನ್ನು ಬೇರ್ಪಡಿಸಿ ನೋಡಬೇಕು. ಉಕ್ಕಿನ ಪಾತ್ರೆ, ಪೋಷಕ ದ್ರವ ಇವು ಮನುಷ್ಯನ ಕಲೆ. ಒಂದು ಕೋಶ ಎರಡಾಗುವುದು ಮನುಷ್ಯ ಕೊಟ್ಟ ಶಕ್ತಿಯಿಂದಲ್ಲ. ವಿಜ್ಞಾನಿ ಜೀವವನ್ನು ಸೃಷ್ಟಿಸುವುದಿಲ್ಲ, ದೊರೆತದ್ದನ್ನು ಸಾಕುತ್ತಾನೆ. ಈ ಅರ್ಥದಲ್ಲಿ ಅವನೂ ಒಬ್ಬ ದನಗಾಹಿಯೇ. ಆದುದರಿಂದ ಪಾತ್ರೆಯಲ್ಲಿ ಬೆಳೆಯಿತೆಂಬ ಒಂದೇ ಕಾರಣದಿಂದ ಇದನ್ನು ಪಾಪವೆನ್ನುವಂತಿಲ್ಲ. ಆದರೆ ಈ ವಿದ್ಯೆಯ ಆರಂಭದಲ್ಲಿ ಪೋಷಕ ದ್ರವಕ್ಕೆ ಹುಟ್ಟದ ಕರುವಿನ ರಕ್ತಸಾರವನ್ನು ಬಳಸಿದ್ದುಂಟು. ಅದಿಲ್ಲದೆ ಬೆಳೆಸುವ ದಾರಿಯನ್ನು ಸಂಶೋಧಕರು ಹುಡುಕುತ್ತ ಬಂದಿದ್ದಾರೆ. ಕರುಣೆಯ ಹೆಸರಿನಲ್ಲಿ ಹೊರಟ ವಿದ್ಯೆ ಆ ಪರೀಕ್ಷೆಯಲ್ಲಿ ಮೊದಲು ತೇರ್ಗಡೆಯಾಗಲೇಬೇಕು.

ನೀಲಿಯ ಪಾಠ

ಹಾಗಾದರೆ ನಮ್ಮ ರೈತನ ಭಯ ಹುಸಿಯೇ? ಅಲ್ಲ. ಇತಿಹಾಸ ಅವರ ಪಕ್ಷದಲ್ಲಿ ನಿಂತು ಸಾಕ್ಷಿ ನುಡಿಯುತ್ತದೆ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಬಿಹಾರದ ಚಂಪಾರಣ್ಯದಲ್ಲಿ ರೈತನು ಬಿಘಾ ಭೂಮಿಯ 20 ಕಠಾದಲ್ಲಿ 3 ಕಠಾವನ್ನು ನೀಲಿಗೆ ಮೀಸಲಿಡಬೇಕೆಂಬ ಕಟ್ಟಳೆಯಿತ್ತು. ನೀಲಿಯ ಬೆಲೆ ಕುಸಿದಾಗ ತೋಟಗಾರ ದೊರೆಗಳು ತಮ್ಮ ನಷ್ಟವನ್ನು ರೈತನ ಹೆಗಲಿಗೆ ಹೊರಿಸಿದರು: ನೀಲಿ ಬೆಳೆಯುವ ಬಂಧನದಿಂದ ಬಿಡುಗಡೆ ಬೇಕಿದ್ದರೆ ಹೆಚ್ಚಿನ ಗೇಣಿ ಕೊಡು, ಇಲ್ಲವೇ ಇಡಿಗಂಟು ತೆರು ಎಂದರು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ಸಾವಿರಾರು ರೈತರ ಹೇಳಿಕೆಗಳನ್ನು ಬರೆಸಿಕೊಂಡರು. 1918ರಲ್ಲಿ ಕಾಯಿದೆಯಾಗಿ ಆ ಕಟ್ಟಳೆ ರದ್ದಾಯಿತು. ಪ್ರಯೋಗಾಲಯದ ನೀಲಿ ಬಂದುದಕ್ಕೂ ರೈತನ ಮಾತನ್ನು ಬರೆದುಕೊಂಡುದಕ್ಕೂ ನಡುವೆ ಇಪ್ಪತ್ತು ವರ್ಷಗಳ ಅಂತರ! ಆ ಅಂತರವೇ ಅನ್ಯಾಯ ಬೆಳೆದ ಹೊಲ. ವಿದ್ಯೆ ಬಂದದ್ದು ತಪ್ಪಲ್ಲ. ವಿದ್ಯೆ ಬಂದಾಗ ರೈತನ ಪರವಾಗಿ ಅದನ್ನು ಬಲ್ಲವರು ಒಬ್ಬರೂ ಇರಲಿಲ್ಲವೆಂಬುದು ತಪ್ಪು.

ತಂಗಿಯ ವರದಕ್ಷಿಣೆ

ಇನ್ನೊಂದು ಇತಿಹಾಸವನ್ನೂ ನೆನೆಯೋಣ. 1822ರಲ್ಲಿ, ಇಂದಿನ ಚೆಕ್ ದೇಶದ ಒಂದು ಹಳ್ಳಿಯ ಬಡ ರೈತನ ಮನೆಯಲ್ಲಿ ಯೋಹಾನ್ ಮೆಂಡೆಲ್ ಎಂಬ ಬಾಲಕ ಹುಟ್ಟಿದ. ಮರ ಬಿದ್ದು ತಂದೆ ದುಡಿಯಲಾರದಾದಾಗ ಮಗನ ಓದು ನಿಲ್ಲುವ ಸ್ಥಿತಿ ಬಂತು. ಆಗ ತಂಗಿ ತೆರೇಸಿಯಾ ತನ್ನ ವರದಕ್ಷಿಣೆಗೆಂದು ಇಟ್ಟಿದ್ದ ಪಾಲಿನಿಂದ ಅಣ್ಣನ ಓದಿಗೆ ಕೊಟ್ಟಳು. ಅವರು 1843ರಲ್ಲಿ ಬ್ರನೋ ನಗರದ ಅಗಸ್ಟೀನ್ ಮಠವನ್ನು ಸೇರಿ ಗ್ರೆಗರ್ ಎಂಬ ಹೆಸರು ಪಡೆದರು. 1850ರಲ್ಲಿ ಶಿಕ್ಷಕರ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು! ಆದರೂ ಮಠಾಧೀಶ ನಾಪ್ ಅವರು ಕೈಬಿಡದೆ ಮಠದ ಖರ್ಚಿನಲ್ಲಿ ಅವರನ್ನು 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಆ ನಾಪ್ ಅವರು ಆ ಸೀಮೆಯ ಕುರಿ ಸಾಕಣೆದಾರರೊಡನೆ ಕುಳಿತು, ಒಳ್ಳೆಯ ಉಣ್ಣೆಯ ಗುಣ ತಾಯಿತಂದೆಯಿಂದ ಮರಿಗೆ ಹೇಗೆ ಇಳಿಯುತ್ತದೆಂದು ವಿಚಾರ ಮಾಡಿದವರು. ಮರಳಿ ಬಂದ ಮೆಂಡೆಲರು ಮಠದ ತೋಟದಲ್ಲಿ ಎಂಟು ವರ್ಷಗಳ ಕಾಲ ಬಟಾಣಿ ಬೆಳೆಸಿ, 1865ರಲ್ಲಿ ಆನುವಂಶಿಕತೆಯ ನಿಯಮಗಳನ್ನು ಮಂಡಿಸಿದರು.

ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಇದು ರೈತನ ಹೊಲವನ್ನೂ ಜೀವಕೋಶದ ವಿಜ್ಞಾನವನ್ನೂ ಬೆಸೆದ ಒಂದು ಸಂಶೋಧನಾ ವೇತನ. ಹಣ ಕೊಟ್ಟವರು ಮಠ. ಮೊದಲ ಕಂತು ಕಟ್ಟಿದವಳು ರೈತನ ಮಗಳು. ಪ್ರಶ್ನೆ ಬಂದದ್ದು ಕುರುಬರ ಹಟ್ಟಿಯಿಂದ. ಮೆಂಡೆಲರು ಈ ಋಣವನ್ನು ಮರೆಯಲಿಲ್ಲ. ತಂಗಿಯ ಮಕ್ಕಳ ಓದಿಗೆ ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು.

ಚಿಂಚಲಿಯಿಂದ ಹೋಗಬೇಕಾದ ಪ್ರಶ್ನೆಗಳು

ಈಗ ನಮ್ಮ ಊರಿನ ಮಾತಿಗೆ ಬರೋಣ. ಕೋಶಗಳ ಮುಖ್ಯ ಆಹಾರ ಸಕ್ಕರೆ. ಕಬ್ಬು ನಮ್ಮ ಮುಖ್ಯ ಬೆಳೆ. ಈ ಉದ್ಯಮ ಬೆಳೆದರೆ ಕಬ್ಬಿನ ರಸಕ್ಕೂ ಕಾಕಂಬಿಗೂ ಹೊಸ ಬೇಡಿಕೆ ಬಂದೀತೇ? ಬಂದರೆ ಅದರ ಲಾಭ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುವುದೋ, ರೈತನ ಹೊಲದವರೆಗೆ ಬರುವುದೋ? ಖಿಲಾರಿಯಂತಹ ತಳಿಯನ್ನು ತಲೆಮಾರುಗಳಿಂದ ಆಯ್ದು ಕಾಪಾಡಿದವರು ರೈತರು. ನಾಳೆ ಯಾವುದೋ ದೇಶಿ ಎಮ್ಮೆಯ ಅಥವಾ ಕುರಿಯ ಕೋಶದಿಂದ ಯಾರೋ ಕೋಟಿ ಗಳಿಸಿದರೆ, ಆ ತಳಿಯನ್ನು ಉಳಿಸಿದವರಿಗೆ ಪಾಲೇನು? 2002ರ ಜೀವವೈವಿಧ್ಯ ಕಾಯಿದೆಯು ಲಾಭ ಹಂಚಿಕೆಯ ತತ್ವವನ್ನು ಒಪ್ಪಿದೆ. ಅದನ್ನು ಕೇಳಿ ಪಡೆಯಲು ತಿಳಿದವರು ಬೇಕು. ಹಾಲನ್ನು ಪಾತ್ರೆ ಕೊಟ್ಟೀತು; ಗೊಬ್ಬರ ಕೊಡುವುದೇ? ಮಳೆ ತಪ್ಪಿದ ವರ್ಷ ಸಂಸಾರವನ್ನು ಹಿಡಿದು ನಿಲ್ಲಿಸುವುದೇ? ಕೊಟ್ಟಿಗೆಯ ಲೆಕ್ಕ ಲೀಟರಿನಲ್ಲಿ ಮಾತ್ರ ಮುಗಿಯುವುದಿಲ್ಲವೆಂದು ವಿಜ್ಞಾನಿಗಳಿಗೆ ಹೇಳಬಲ್ಲವರು ಸಗಣಿ ಬಾಚಿದ ಕೈಯವರೇ.

ಹೊರದೇಶಗಳಲ್ಲಿ ಇಂತಹ ಬೆಸುಗೆಯ ಯತ್ನ ಆರಂಭವಾಗಿದೆ. 2004ರಲ್ಲಿ ಹುಟ್ಟಿದ ಅಮೆರಿಕದ 'ನ್ಯೂ ಹಾರ್ವೆಸ್ಟ್' ಸಂಸ್ಥೆಯು ಈ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಸಂಶೋಧನಾ ವೇತನಗಳನ್ನು ನೀಡಿದೆ. ನೆದರ್ಲೆಂಡ್ಸಿನ 'ರೆಸ್ಪೆಕ್ಟ್ ಫಾರ್ಮ್ಸ್' ಎಂಬ ಯೋಜನೆಯ ಗುರಿ, ಕೋಶ ಬೆಳೆಸುವ ಪಾತ್ರೆಯನ್ನು ದೊಡ್ಡ ಕಾರ್ಖಾನೆಗೆ ಬಿಡದೆ ರೈತನ ಅಂಗಳಕ್ಕೇ ತರುವುದು. ಇಂಗ್ಲೆಂಡಿನ ರಾಯಲ್ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ರೈತರ ಬಳಿಗೇ ಹೋಗಿ ಅವರ ಭಯವನ್ನೂ ಆಸೆಯನ್ನೂ ಕೇಳಿದ್ದಾರೆ. ನಮ್ಮಲ್ಲಿ ಕೇಂದ್ರದ ಸಿಎಸ್‌ಐಆರ್-ಯುಜಿಸಿ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಅರ್ಹರಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಜೈವಿಕ ತಂತ್ರಜ್ಞಾನ ಇಲಾಖೆಗೂ ಕೃಷಿ ಸಂಶೋಧನಾ ಪರಿಷತ್ತಿಗೂ ತಮ್ಮದೇ ಪರೀಕ್ಷೆಗಳಿವೆ. ವೇತನ ಉಂಟು, ಪ್ರಯೋಗಾಲಯ ಉಂಟು. ಕೊಟ್ಟಿಗೆಯನ್ನು ಬಲ್ಲ ಸಂಶೋಧಕರೇ ವಿರಳ.

ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು ಗೇಣಿ ರೈತನ ಮನೆಯಲ್ಲಿ ಹುಟ್ಟಿದವರು. 1961ರ ತಮ್ಮ ವಿಶ್ವಪತ್ರದಲ್ಲಿ ಅವರು, ರೈತರ ಏಳಿಗೆಯ ಮುಖ್ಯ ಕರ್ತೃಗಳು ರೈತರೇ ಆಗಿರಬೇಕೆಂದು ಬೋಧಿಸಿದರು. ಪ್ರಯೋಗಾಲಯದ ಬಾಗಿಲಿಗೂ ಈ ಮಾತು ಅನ್ವಯಿಸುತ್ತದೆ.

ಎರಡು ವಾರಗಳ ನಂತರ ನಾವು ಆ ರೈತರ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆವು. "ನಿಮ್ಮ ಎಮ್ಮೆಗೆ ಕೆಡುಕಾಗುವುದೇ ಇಲ್ಲವೆಂದು ನಾವು ಮಾತು ಕೊಡಲಾರೆವು. ಆದರೆ ಆ ವಿದ್ಯೆ ನಿಮ್ಮ ಮಗಳು ಹೋಗದಿದ್ದರೆ ನಿಲ್ಲುವುದಿಲ್ಲ, ಅವಳು ಹೋದರೆ ಅಲ್ಲಿ ನಿಮ್ಮ ಎಮ್ಮೆಯನ್ನು ನೆನೆಯುವವಳು ಒಬ್ಬಳಾದರೂ ಇರುತ್ತಾಳೆ" ಎಂದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಮಗಳನ್ನು ಕರೆದು, "ಪರೀಕ್ಷೆ ಎಂದೈತಿ?" ಎಂದು ಕೇಳಿದರು.

ಪರೀಕ್ಷೆಯ ಮುನ್ನಾದಿನ ಅವಳನ್ನು ಚಿಂಚಲಿಯ ನಿಲ್ದಾಣದಲ್ಲಿ ರೈಲು ಹತ್ತಿಸಲು ಅವರೇ ಬಂದಿದ್ದರು. ಫಲಿತಾಂಶವನ್ನು ನಾವು ಇಲ್ಲಿ ಬರೆಯುವುದಿಲ್ಲ. ಅದು ಆ ಮನೆಯ ಮಾತು. ಆದರೆ ನಮ್ಮ ಕುಟುಂಬಗಳಲ್ಲಿ ಇಂತಹ ಮಕ್ಕಳು ಇನ್ನೂ ಇದ್ದಾರೆ. ಒಂದು ಪರೀಕ್ಷೆಯಲ್ಲಿ ಸೋತರೆಂದು ಅವರ ಓದನ್ನು ನಿಲ್ಲಿಸಬೇಡಿರಿ, ಮೆಂಡೆಲರನ್ನು ನೆನೆಯಿರಿ. ಓದಿಗೆ ಕಳುಹಿಸುವಾಗ ಬುತ್ತಿಯ ಜೊತೆಗೆ ನಿಮ್ಮ ಹೊಲದ ಪ್ರಶ್ನೆಗಳನ್ನೂ ಕಟ್ಟಿ ಕೊಡಿರಿ. ಮರಳಿ ಬಂದಾಗ, ಉತ್ತರ ಸಿಕ್ಕಿತೇ ಎಂದು ಮರೆಯದೆ ಕೇಳಿರಿ.