ನಾಯಿಗೆ ಚಿಗಟವೇ? ಗೋಣಿ ಕೊಡವಿ ನೋಡಿ

ಸಂಜೆ ತರಗತಿ ನಡೆಯುತ್ತಿತ್ತು. ಎಲ್ಲರೂ ಪುಸ್ತಕ ಬಿಚ್ಚಿ ಕುಳಿತಿದ್ದರು. ಹೊರಗೆ ಜಗಲಿಯ ಮೇಲೆ ಕರ ಕರ ಸದ್ದು.

"ಅದೇನು ದೊಡ್ಡಮ್ಮಾ ಸದ್ದು?" ಎಂದು ಕಲಿಸುವ ಹುಡುಗಿ ಕೇಳಿದಳು.

"ನಮ್ಮ ಕೆಂಪಿ ಕಣವ್ವಾ. ನಾನು ಎಲ್ಲಿ ಹೋದ್ರೂ ಹಿಂದೇನೇ ಬರ್ತದೆ. ಹಗಲೂ ರಾತ್ರಿ ಮೈ ಕೆರ್ಕೊಳ್ಳೋದೇ ಅದರ ಕೆಲಸ" ಎಂದರು ದೊಡ್ಡಮ್ಮ.

ಕೆಂಪಿ ಮೂರು ಮರಿ ಹಾಕಿತ್ತು. ಹೋದ ವಾರ ಒಂದು ಮರಿ ಸತ್ತುಹೋಯಿತು. ಉಳಿದ ಎರಡೂ ಸೊರಗಿವೆ. ಮೊಮ್ಮಗಳ ಕಾಲಿನ ತುಂಬ ಕೆಂಪು ಗುಳ್ಳೆ. ರಾತ್ರಿಯೆಲ್ಲಾ ಕೆರೆದುಕೊಂಡು ಅಳುತ್ತಾಳೆ.

"ನಾಯಿನ ಹೊಳೆ ಆಚೆ ಬಿಟ್ಟು ಬರ್ತೀನಿ ಅಂತಾನೆ ನನ್ನ ಮಗ. ನರಿ ಕೋಳಿಗೂಡಿಗೆ ಬಂದಾಗ ಕೂಗಿ ಎಬ್ಬಿಸಿದ್ದು ಅದೇ ಕೆಂಪಿ. ಅದನ್ನ ಹೆಂಗವ್ವಾ ಬಿಡಲಿ?" ದೊಡ್ಡಮ್ಮನ ಕಣ್ಣು ತುಂಬಿತು.

"ಸೀಮೆಎಣ್ಣೆ ಸವರು" ಎಂದಳು ಒಬ್ಬಳು. "ಬೆಳೆಗೆ ಹಾಕೋ ಪುಡಿ ಉದುರಿಸು" ಎಂದಳು ಇನ್ನೊಬ್ಬಳು.

"ಬೇಡ, ಬೇಡ! ನಾಳೆ ದನದ ಆಸ್ಪತ್ರೆಗೆ ಹೋಗೋಣ. ಡಾಕ್ಟರನ್ನೇ ಕೇಳೋಣ" ಎಂದಳು ಕಲಿಸುವ ಹುಡುಗಿ.

ಮಾರನೇ ದಿನ ಕೆಂಪಿಯನ್ನೂ ಮರಿಗಳನ್ನೂ ಕರೆದುಕೊಂಡು ಹೋದರು. ಅಲ್ಲಿ ತಿಳಿದದ್ದನ್ನು ನಾವೂ ತಿಳಿಯೋಣ.

ಚಿಗಟ ಅಂದರೆ ಯಾವುದು?

ಚಿಗಟ ಕಂದು ಬಣ್ಣದ ಹುಳ. ಎಳ್ಳಿನ ಕಾಳಿನಷ್ಟು ಚಿಕ್ಕದು. ಇದಕ್ಕೆ ರೆಕ್ಕೆ ಇಲ್ಲ. ಆದರೆ ಹಿಂಗಾಲು ಬಲು ಗಟ್ಟಿ. ಸುಮಾರು ಒಂದು ಗೇಣು ಎತ್ತರಕ್ಕೆ ಹಾರುತ್ತದೆ. ಮೈ ಎರಡೂ ಪಕ್ಕದಿಂದ ಅಮುಕಿದ ಹಾಗೆ ಚಪ್ಪಟೆ. ಅದಕ್ಕೇ ಕೂದಲಿನ ನಡುವೆ ಸರಸರ ಓಡುತ್ತದೆ. ಬೆರಳಲ್ಲಿ ಹಿಸುಕಿದರೆ ಸಾಯೋದಿಲ್ಲ. ಅಷ್ಟು ಗಟ್ಟಿ ಅದರ ಮೈ.

ಉಣ್ಣೆ ಬೇರೆ, ಚಿಗಟ ಬೇರೆ. ಉಣ್ಣೆ ಒಂದೇ ಕಡೆ ಕಚ್ಚಿಕೊಂಡು ರಕ್ತ ಕುಡಿದು ಊದುತ್ತದೆ. ಅದು ಹಾರುವುದಿಲ್ಲ. ಚಿಗಟ ಹಾರುತ್ತದೆ. ಇದೇ ಗುರುತು.

ಇದೆಯೋ ಇಲ್ಲವೋ, ಹೇಗೆ ತಿಳಿಯೋದು?

ನಾಯಿಯ ಬಾಲದ ಬುಡ, ಹೊಟ್ಟೆ, ಕುತ್ತಿಗೆ ನೋಡಿ. ಕೂದಲು ಬಿಡಿಸಿದರೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ ಕಾಣಬಹುದು. ಆ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಸ್ವಲ್ಪ ಹೊತ್ತು ಬಿಡಿ. ಬರೀ ಮಣ್ಣಾದರೆ ಮಣ್ಣಿನ ಬಣ್ಣವೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಪು ಬಣ್ಣ ಬಿಡುತ್ತದೆ. ಯಾಕೆ? ಅದು ನಾಯಿಯ ರಕ್ತ. ಚಿಗಟ ಕುಡಿದು ಹೊರಹಾಕಿದ ರಕ್ತ.

ಡಾಕ್ಟರು ಹೀಗೆ ಮಾಡಿ ತೋರಿಸಿದಾಗ ದೊಡ್ಡಮ್ಮ ಬಾಯಿ ಮೇಲೆ ಕೈ ಇಟ್ಟರು. "ಅಯ್ಯೋ, ಇಷ್ಟೊಂದು ರಕ್ತವಾ!"

ಸಣ್ಣ ಮರಿಗಳಲ್ಲಿ ರಕ್ತ ಇರುವುದೇ ಕಡಿಮೆ. ನೂರಾರು ಚಿಗಟ ಕುಡಿದರೆ ಮರಿ ಸತ್ತೇ ಹೋಗಬಹುದು. ಮರಿಯ ತುಟಿ ಎತ್ತಿ ಒಸಡು ನೋಡಿ. ಕೆಂಪಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಅಲ್ಲಿ ಮನೆ ಮದ್ದು ಸಾಲದು.

ಮೈಮೇಲೆ 5, ನೆಲದ ಮೇಲೆ 95

ಒಂದು ಹೆಣ್ಣು ಚಿಗಟ ದಿನಕ್ಕೆ 40 ಮೊಟ್ಟೆಯವರೆಗೂ ಇಡುತ್ತದೆ. ಲೆಕ್ಕ ಹಾಕಿ. 10 ದಿನಕ್ಕೆ ಎಷ್ಟಾಯಿತು? 400!

ಈ ಮೊಟ್ಟೆಗಳು ನಾಯಿಯ ಮೈಗೆ ಅಂಟಿಕೊಳ್ಳೋದಿಲ್ಲ. ಉಪ್ಪಿನ ಪುಡಿಯ ಹಾಗೆ ಉದುರುತ್ತವೆ. ನಾಯಿ ಎಲ್ಲಿ ಮಲಗುತ್ತದೋ ಅಲ್ಲೆಲ್ಲಾ ಉದುರುತ್ತವೆ. ಕೆಲವು ದಿನಗಳಲ್ಲಿ ಮೊಟ್ಟೆ ಒಡೆದು ಮರಿಹುಳ ಬರುತ್ತದೆ. ಅದಕ್ಕೆ ಬೆಳಕು ಆಗದು. ಗೋಣಿಯ ಅಡಿ, ನೆಲದ ಬಿರುಕು, ಗೋಡೆಯ ಮೂಲೆ, ಕತ್ತಲೆ ಕಂಡಲ್ಲಿ ಸೇರಿಕೊಳ್ಳುತ್ತದೆ. ದೊಡ್ಡ ಚಿಗಟದ ಹಿಕ್ಕೆಯನ್ನೇ ತಿಂದು ಬೆಳೆಯುತ್ತದೆ.

ಆಮೇಲೆ ಅದು ರೇಷ್ಮೆ ಹುಳದ ಹಾಗೆ ಗೂಡು ಕಟ್ಟುತ್ತದೆ. ಗೂಡಿಗೆ ಧೂಳು ಮೆತ್ತಿಕೊಂಡಿರುತ್ತದೆ. ಕಣ್ಣಿಗೆ ಕಾಣದು. ಆ ಗೂಡಿನೊಳಗೆ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ನಾಯಿಯೋ ಮನುಷ್ಯರೋ ಹತ್ತಿರ ಬಂದರೆ ನೆಲ ಅದುರುತ್ತದೆ, ಮೈಶಾಖ ತಗಲುತ್ತದೆ. ಆಗ ಹೊರಗೆ ಬಂದು ಹಾರುತ್ತದೆ. ಬಹಳ ದಿನ ಬೀಗ ಹಾಕಿದ ಮನೆ ತೆಗೆದಾಗ ಕಾಲಿಗೆ ಚಿಗಟ ಮುತ್ತಿಕೊಳ್ಳೋದು ಇದಕ್ಕೇ.

ಒಂದು ಮನೆಯಲ್ಲಿ ಒಟ್ಟು 100 ಇವೆ ಅನ್ನಿ. ನಾಯಿಯ ಮೈಮೇಲೆ ಇರುವುದು ಸುಮಾರು 5 ಮಾತ್ರ. ಉಳಿದ 95 ಮೊಟ್ಟೆ, ಮರಿಹುಳ, ಗೂಡು. ಅವೆಲ್ಲಾ ನೆಲದಲ್ಲಿ, ಗೋಣಿಯಲ್ಲಿ.

ನಾಯಿಗೆ ಮಾತ್ರ ಮದ್ದು ಮಾಡಿದರೆ ಏನಾಯ್ತು? ಗರಿಕೆಯ ಮೇಲುಭಾಗ ಕೊಯ್ದು ಬೇರು ಬಿಟ್ಟ ಹಾಗಾಯ್ತು. ಮತ್ತೆ ಚಿಗುರದೆ ಇರುತ್ತದೆಯೇ?

ಚಿಗಟದಿಂದ ನಮಗೇನು ತೊಂದರೆ?

ಚಿಗಟ ನಮ್ಮನ್ನೂ ಕಚ್ಚುತ್ತದೆ. ಹೆಚ್ಚಾಗಿ ಪಾದ, ಮೀನಖಂಡದಲ್ಲಿ ಗುಳ್ಳೆ ಏಳುತ್ತವೆ. ಕೆರೆದರೆ ಗಾಯವಾಗಿ ಕೀವು ತುಂಬುತ್ತದೆ.

ಇನ್ನೊಂದು ವಿಷಯ. ನಾಯಿಗೆ ಬರುವ ಒಂದು ಬಗೆಯ ಲಾಡಿಹುಳು ಚಿಗಟದ ಹೊಟ್ಟೆಯಲ್ಲಿ ಬೆಳೆಯುತ್ತದೆ. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗುತ್ತದೆ. ಲಾಡಿಹುಳು ಹೊಟ್ಟೆ ಸೇರುತ್ತದೆ. ನಾಯಿಯ ಮಲದಲ್ಲಿ ಅಕ್ಕಿ ಕಾಳಿನಂಥ ಚೂರುಗಳು ಕಂಡರೆ ಇದೇ ಎಂದು ತಿಳಿಯಬಹುದು. ನಾಯಿಯ ಜೊತೆ ಆಡುವ ಮಗು ಅಕಸ್ಮಾತ್ ಚಿಗಟ ನುಂಗಿದರೆ ಮಗುವಿಗೂ ಬರಬಹುದು. ಅದಕ್ಕೇ ನಾಯಿ ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ.

ಪ್ಲೇಗಿನ ಕಥೆ ಹಿರಿಯರಿಂದ ಕೇಳಿದ್ದೀರಲ್ಲವೇ? 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಜನ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅದೇ 1898ರಲ್ಲಿ ಕರಾಚಿಯಲ್ಲಿ ಸೀಮೊಂಡ್ ಎಂಬ ಫ್ರೆಂಚ್ ವೈದ್ಯರು ಇಲಿಯ ಚಿಗಟದಿಂದ ಪ್ಲೇಗು ಹರಡುತ್ತದೆ ಎಂದು ಕಂಡುಹಿಡಿದರು. ಅದು ಇಲಿ ಚಿಗಟ. ನಾಯಿಯ ಮೇಲೆ ಸಾಮಾನ್ಯವಾಗಿ ಇರುವುದು ಬೇರೆ ಜಾತಿ. ಆದ್ದರಿಂದ ನಾಯಿ ಕಂಡು ಹೆದರಬೇಕಿಲ್ಲ. ಆದರೆ ಚಿಗಟವನ್ನು ಸಣ್ಣದು ಎಂದು ಬಿಡಲೂಬಾರದು.

ನಾವೇ ಮಾಡಬಹುದಾದ ಕೆಲಸ

ಒಂದು: ಹಾಸಿಗೆ. ನಾಯಿ ಮಲಗುವ ಗೋಣಿಯನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ನೆನೆಸಿ. ಸೋಪು ಹಾಕಿ ಒಗೆಯಿರಿ. ಸುಡುಬಿಸಿಲಿನಲ್ಲಿ ಎರಡೂ ಮಗ್ಗುಲು ಒಣಗಿಸಿ. ಮರಿಹುಳ ಬದುಕಲು ತೇವ, ನೆರಳು ಬೇಕು. ಬಿಸಿಲು ಅದಕ್ಕೆ ಶತ್ರು. ಹಳೇ ಹರಕು ಗೋಣಿಯಾದರೆ ಸುಟ್ಟುಬಿಡಿ.

ಎರಡು: ನೆಲ. ನಾಯಿ ಮಲಗುವ ಜಾಗವನ್ನು ದಿನಾ ಗುಡಿಸಿ. ಮೂಲೆ, ಬಿರುಕು ಬಿಡಬೇಡಿ. ಕಸವನ್ನು ಬಾಗಿಲ ಪಕ್ಕ ಗುಡ್ಡೆ ಹಾಕಬೇಡಿ. ಒಲೆಗೆ ಹಾಕಿ. ಮಣ್ಣಿನ ನೆಲವಾದರೆ ಬಿರುಕಿಗೆ ಮಣ್ಣು ಮೆತ್ತಿ ಆಮೇಲೆ ಸಾರಿಸಿ. ಚೆನ್ನಾಗಿ ಒಣಗಲಿ. ಸಿಮೆಂಟು ನೆಲವಾದರೆ ಬಿಸಿನೀರು ಹಾಕಿ ತೊಳೆಯಿರಿ.

ಮೂರು: ಬಾಚುವುದು. ತಲೆಯ ಹೇನು ತೆಗೆಯುವ ಸೀರಣಿಗೆ ಗೊತ್ತಲ್ಲ? ನಾಯಿಗೆ ಅಂತ ಬೇರೆ ಒಂದು ಇಟ್ಟುಕೊಳ್ಳಿ. ಒಂದು ಬಟ್ಟಲಲ್ಲಿ ಸೋಪಿನ ನೀರು ಪಕ್ಕದಲ್ಲಿರಲಿ. ಕುತ್ತಿಗೆಯಿಂದ ಬಾಲದವರೆಗೆ ನಿಧಾನವಾಗಿ ಬಾಚಿ. ಸಿಕ್ಕ ಚಿಗಟವನ್ನು ಆ ನೀರಿಗೆ ಅದ್ದಿ. ಬರೀ ನೀರಿನಲ್ಲಿ ಚಿಗಟ ತೇಲಿ ಹಾರಿಹೋಗಬಹುದು. ಸೋಪಿನ ನೀರಿನಲ್ಲಿ ಮುಳುಗುತ್ತದೆ. ಸಣ್ಣ ಮರಿಗಳಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ.

ನಾಲ್ಕು: ಸ್ನಾನ. ಮೊದಲು ಕುತ್ತಿಗೆಯ ಸುತ್ತ ಸೋಪಿನ ನೊರೆ ಹಚ್ಚಿ. ಇಲ್ಲವಾದರೆ ಮೈಗೆ ನೀರು ಬಿದ್ದ ಕೂಡಲೇ ಚಿಗಟ ತಲೆಗೆ ಓಡುತ್ತವೆ. ಆಮೇಲೆ ಮೈಯೆಲ್ಲಾ ನೊರೆ ಹಚ್ಚಿ ಐದು ನಿಮಿಷ ಬಿಡಿ. ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗಿಸಿ. ನೊರೆ ಕಣ್ಣಿಗೆ ಹೋಗದಿರಲಿ.

ಐದು: ಬೇವು. ಕಾಳಿನ ಡಬ್ಬಕ್ಕೆ ಬೇವಿನ ಸೊಪ್ಪು ಹಾಕುತ್ತೇವೆ. ಹುಳ ಬರದಿರಲಿ ಅಂತ. ನಾಯಿಗೂ ಬೇವು ಸ್ವಲ್ಪ ಸಹಾಯ ಮಾಡುತ್ತದೆ. ಎರಡು ಹಿಡಿ ಸೊಪ್ಪನ್ನು ಎರಡು ಲೀಟರ್ ನೀರಿನಲ್ಲಿ ಕುದಿಸಿ. ಪೂರ್ತಿ ಆರಿದ ಮೇಲೆ ಸೋಸಿ. ಸ್ನಾನ ಮುಗಿದ ಮೇಲೆ ಮೈಮೇಲೆ ಹೊಯ್ಯಿರಿ. ಗಾಯ ಇದ್ದಲ್ಲಿ ಬೇಡ. ಮರಿಗಳಿಗೆ ಬೇಡ. ಬೇವು ಒಂದನ್ನೇ ನಂಬಿ ಕೂರಬೇಡಿ. ಗೋಣಿ, ನೆಲ ಶುಚಿ ಮಾಡದೆ ಬೇವಿನಿಂದ ಚಿಗಟ ಹೋಗದು.

ಆರು: ದೀಪದ ಬಲೆ. ರಾತ್ರಿ ಒಂದು ಅಗಲವಾದ ತಟ್ಟೆಯಲ್ಲಿ ಸೋಪಿನ ನೀರು ಹಾಕಿ ನೆಲದ ಮೇಲಿಡಿ. ಅದರ ಮೇಲೆ ಸ್ವಲ್ಪ ಎತ್ತರದಲ್ಲಿ ಬಲ್ಬು ಉರಿಯಲಿ. ಬಲ್ಬು, ತಂತಿ ನೀರಿಗೆ ತಾಗಬಾರದು. ಮಕ್ಕಳು ಹತ್ತಿರ ಹೋಗಬಾರದು. ಬೆಳಕಿಗೆ, ಶಾಖಕ್ಕೆ ಹಾರಿ ಬಂದ ಚಿಗಟ ನೀರಿಗೆ ಬೀಳುತ್ತವೆ. ಬೆಳಿಗ್ಗೆ ಎಣಿಸಿ ನೋಡಿ.

ಇವನ್ನು ಮಾಡಲೇಬಾರದು

ಸೀಮೆಎಣ್ಣೆ ಸವರಬೇಡಿ. ಚರ್ಮ ಸುಡುತ್ತದೆ. ನಾಯಿ ನೆಕ್ಕಿದರೆ ವಿಷ.

ಬೆಳೆಗೆ ಹಾಕುವ ಪುಡಿ, ಔಷಧಿ ಹಾಕಬೇಡಿ. ಹಿಂದೆ ಗಮಾಕ್ಸಿನ್ ಪುಡಿ ಬಳಸುತ್ತಿದ್ದರು. ಅದರಲ್ಲಿದ್ದ ಬಿ.ಎಚ್.ಸಿ. ವಿಷವನ್ನು 1997ರಲ್ಲಿ ಸರ್ಕಾರ ನಿಷೇಧಿಸಿತು. ಆ ಪುಡಿ ನಾಯಿಗೂ ವಿಷ, ನಾಯಿಯನ್ನು ಅಪ್ಪುವ ಮಗುವಿಗೂ ವಿಷ.

ಹೊಗೆಸೊಪ್ಪಿನ ನೀರು, ಫಿನಾಯಿಲು, ನುಸಿಗುಳಿಗೆ, ಕರ್ಪೂರ ಬೇಡ.

ಬೆಳ್ಳುಳ್ಳಿ, ಈರುಳ್ಳಿ ತಿನ್ನಿಸಬೇಡಿ. ನಮಗೆ ಅದು ಅಡುಗೆ. ನಾಯಿಗೆ ಅದು ರಕ್ತ ಕೆಡಿಸುವ ವಿಷ.

ನಾಯಿಗೆ ಕೊಟ್ಟ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಕೆಲವು ಔಷಧಿಗಳಿಂದ ಬೆಕ್ಕು ಸಾಯಬಹುದು.

ದೊಡ್ಡಮ್ಮನ ಲೆಕ್ಕದ ಪುಸ್ತಕ

ಡಾಕ್ಟರು ಮರಿಗಳಿಗೆ ಔಷಧಿ ಕೊಟ್ಟರು. ಕೆಂಪಿಗೆ ಲಾಡಿಹುಳುವಿನ ಮಾತ್ರೆ ಕೊಟ್ಟರು. ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿದರು. "ಉಳಿದದ್ದು ನಿಮ್ಮ ಕೈಲಿದೆ, ಅಮ್ಮಾ. ಮೂರು ತಿಂಗಳು ಬಿಡದೆ ಮಾಡಿ" ಎಂದರು.

ದೊಡ್ಡಮ್ಮ ಮನೆಗೆ ಬಂದು ಮೊದಲು ಗೋಣಿ ಸುಟ್ಟರು. ಬಾಚಿದಾಗ ಸಿಕ್ಕ ಚಿಗಟ ಎಣಿಸಿದರು. ತಮ್ಮ ಪುಸ್ತಕದಲ್ಲಿ ತಾವೇ ಬರೆದರು: ಸೋಮವಾರ, 27.

ಮುಂದಿನ ಸೋಮವಾರ ಬರೆದರು: 35.

"ಇದೇನವ್ವಾ, ಜಾಸ್ತಿ ಆಯ್ತಲ್ಲ! ಮಾಡಿದ್ದೆಲ್ಲಾ ನೀರುಪಾಲು" ಎಂದು ಬೇಸರ ಮಾಡಿಕೊಂಡರು.

"ನೀರುಪಾಲಲ್ಲ ದೊಡ್ಡಮ್ಮಾ. ಮೊದಲೇ ಗೂಡಿನಲ್ಲಿ ಇದ್ದವು ಈಗ ಹೊರಗೆ ಬರ್ತಿವೆ. ಬಂದವನ್ನ ಹಿಡೀತಾ ಹೋಗಿ. ಹೊಸ ಮೊಟ್ಟೆ ಇಡೋಕೆ ಬಿಡಬೇಡಿ" ಎಂದಳು ಕಲಿಸುವ ಹುಡುಗಿ.

ದೊಡ್ಡಮ್ಮ ಬಿಡಲಿಲ್ಲ. ಮಗನೂ ಬಿಸಿನೀರು ಕಾಯಿಸಿ ಕೊಟ್ಟ. ಮೂರನೇ ಸೋಮವಾರ 19. ಆಮೇಲೆ 8. ಆಮೇಲೆ 3. ಎರಡನೇ ತಿಂಗಳ ಕೊನೆಗೆ ದೊಡ್ಡದಾಗಿ ಒಂದು ಸೊನ್ನೆ ಬರೆದರು.

ಮೊಮ್ಮಗಳ ಕಾಲು ವಾಸಿಯಾಗಿದೆ. ಮರಿಗಳ ಒಸಡು ಕೆಂಪಗಾಗಿದೆ. ಹೊಳೆ ಆಚೆಯ ಮಾತು ಈಗ ಮಗನ ಬಾಯಲ್ಲಿ ಇಲ್ಲ. ಸಂಜೆ ತರಗತಿಗೆ ಕೆಂಪಿ ಈಗಲೂ ಬರುತ್ತದೆ. ಆದರೆ ಕರ ಕರ ಸದ್ದಿಲ್ಲ. ಜಗಲಿಯ ಮೇಲೆ ಸುಮ್ಮನೆ ಮಲಗಿರುತ್ತದೆ. ಮೂರು ತಿಂಗಳು ಇನ್ನೂ ತುಂಬಿಲ್ಲ. ದೊಡ್ಡಮ್ಮ ಇನ್ನೂ ಗುಡಿಸುತ್ತಲೇ ಇದ್ದಾರೆ.

ಯೋಚಿಸಿ, ಮಾತನಾಡಿ, ಬರೆಯಿರಿ

1. ನಿಮ್ಮ ನಾಯಿ ಎಲ್ಲಿ ಮಲಗುತ್ತದೆ? ಆ ಜಾಗಕ್ಕೆ ಬಿಸಿಲು ಬೀಳುತ್ತದೆಯೇ?
2. ಎರಡನೇ ವಾರ ಚಿಗಟ ಹೆಚ್ಚಾಗಿದ್ದು ಯಾಕೆ?
3. ನಿಮ್ಮ ಊರಿನಲ್ಲಿ ನಾಯಿಗೆ ಏನೇನು ಸವರುತ್ತಾರೆ? ಅದರಲ್ಲಿ ಬಿಡಬೇಕಾದದ್ದು ಯಾವುದು?
4. ಒಂದು ಚಿಗಟ ದಿನಕ್ಕೆ 40 ಮೊಟ್ಟೆ ಇಟ್ಟರೆ 7 ದಿನಕ್ಕೆ ಎಷ್ಟು?