ಸಿರಿಭೂವಲಯದ ಮನೆಗಳು, ಡೀಬಗರ್‌ನ ಎಲ್ಲೆಗಳು

ಉದಕಮಂಡಲದಿಂದ ಮಾತಾಡ್ತಿದ್ದೇನೆ. ಕುಮುದೇಂದು ಮುನಿಯ ಕೃತಿ ಎನ್ನಲಾಗುವ 'ಸಿರಿಭೂವಲಯ'ದ ಚಕ್ರದಲ್ಲಿ 27 ಸಾಲು, ಸಾಲಿಗೆ 27 ಮನೆ, ಒಟ್ಟು 729. ಮನೆಗೊಂದು ಅಂಕಿ, ಅಂಕಿಗೊಂದು ಅಕ್ಷರ. ಕಂಪ್ಯೂಟರಿಗೆ ಹಾಕಿದರೆ ಇದೊಂದು ಅರೇ.

ಸಿ ಭಾಷೆ ಸಾಲಿನ ಮನೆಗಳನ್ನು 0ಯಿಂದ 26ರವರೆಗೆ ಎಣಿಸುತ್ತೆ. ಫೋರ್ಟ್ರಾನ್, ನಾವು ಬೇರೆ ಹೇಳದಿದ್ದರೆ, 1ರಿಂದ 27ರವರೆಗೆ. ಪ್ಯಾಸ್ಕಲ್‌ನಲ್ಲಿ ಎರಡೂ ಎಲ್ಲೆಗಳನ್ನು ನಾವೇ ಬರೀಬೇಕು. ಪ್ರೋಗ್ರಾಮಿನ ದೋಷ ಹುಡುಕುವ ಡೀಬಗರ್‌ಗೆ ಇದು ತಿಳಿಯೋದು ಹೇಗೆ? ಕಂಪೈಲರ್ 'ಡ್ವಾರ್ಫ್' ಎಂಬ ನಮೂನೆಯಲ್ಲಿ ಎಲ್ಲೆಗಳನ್ನು ಬರೆದಿಡುತ್ತೆ. ಕೆಳಗಿನ ಎಲ್ಲೆ ಬರೆದಿರದಿದ್ದರೆ ಡೀಬಗರ್ ಆ ಭಾಷೆಯ ರೂಢಿಯನ್ನೇ ಹಿಡಿಯುತ್ತೆ.

ಹಾಗಾಗಿ ಸಾಲಿನ ನಡುಮನೆ ಸಿಯಲ್ಲಿ 13, ಫೋರ್ಟ್ರಾನ್‌ನಲ್ಲಿ 14. ಒಂದು ಮನೆ ಜಾರಿದರೆ ಅಕ್ಷರ ಬೇರೆ, ಪಾಠವೂ ಬೇರೆ. ಪ್ರಬಂಧದಲ್ಲಿ ಮನೆಯ ಸಂಖ್ಯೆ ಕೊಡುವಾಗ ಎಣಿಕೆ ಎಲ್ಲಿಂದ ಶುರು ಅಂತಲೂ ನಾವು ಬರೆಯಲೇಬೇಕು.