ಗುರುಮಠಕಲ್‌ನಿಂದ ದಿಲ್ಲಿಗೆ: ಸಿಎಂ ಆಗದೇ ರಾಷ್ಟ್ರ ನಾಯಕರಾದ ಖರ್ಗೆ

ವಿಡಿಯೋ ನೋಡೋಕೆ ಟೈಮ್ ಇಲ್ಲ ಅನ್ನೋರಿಗೆ ಎಂದಿನಂತೆ ಇಲ್ಲಿ ಬರಹ ರೂಪ. ಮೊದಲೇ ಹೇಳಿಬಿಡ್ತೀನಿ, ಇದು ಯಾವ ಪಕ್ಷದ ಪ್ರಚಾರವೂ ಅಲ್ಲ.

2023ರ ಸೆಪ್ಟೆಂಬರ್ 16 ಮತ್ತು 17ರಂದು ನಮ್ಮ ಹೈದರಾಬಾದಿನಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಸಭೆ ನಡೀತು. 1948ರಲ್ಲಿ ನಿಜಾಮರ ಹೈದರಾಬಾದ್ ಭಾರತಕ್ಕೆ ಸೇರಿದ್ದೂ ಸೆಪ್ಟೆಂಬರ್ 17ಕ್ಕೇ. ಆವಾಗ ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿ ಕೂಡ ನಿಜಾಮರ ರಾಜ್ಯದಲ್ಲೇ ಇತ್ತು. ಆ ಊರಿನ ಒಂದು ಮನೆಗೆ ರಜಾಕಾರರು ಬೆಂಕಿ ಹಚ್ಚಿದ್ರು. ತಾಯಿ, ತಂಗಿ ತೀರಿಕೊಂಡ್ರು. ಉಳಿದದ್ದು ತಂದೆ ಮತ್ತು ಪುಟ್ಟ ಹುಡುಗ. ಅವರು ಮುಂದೆ ಕಲಬುರಗಿಗೆ ಬಂದು ನೆಲೆಸಿದ್ರು. 75 ವರ್ಷದ ನಂತರ ಹೈದರಾಬಾದಿನ ಆ ಸಭೆಯ ಅಧ್ಯಕ್ಷತೆ ವಹಿಸಿದ್ದು ಅದೇ ಹುಡುಗ, ಮಲ್ಲಿಕಾರ್ಜುನ ಖರ್ಗೆ.

ಇಷ್ಟು ದೂರ ಹೇಗೆ ಬಂದ್ರು? ಶುರುವಾಗಿದ್ದು ಕೋರ್ಟು ಮತ್ತು ಕಾರ್ಮಿಕ ಸಂಘದಿಂದ. ಲಾ ಓದಿ, ಕಲಬುರಗಿಯ ಎಂಎಸ್‌ಕೆ ಮಿಲ್ ಕಾರ್ಮಿಕರ ಪರ ಕೆಲಸ ಮಾಡಿದ್ರು. 1969ರಲ್ಲಿ ಕಾಂಗ್ರೆಸ್ ಸೇರಿದ್ರು. 1972ರಲ್ಲಿ ಗುರುಮಠಕಲ್ ಶಾಸಕರಾದ್ರು. ಅಲ್ಲಿಂದ 2008ರವರೆಗೆ ಸತತ 9 ವಿಧಾನಸಭಾ ಚುನಾವಣೆ ಗೆದ್ರು. ದೇವರಾಜ ಅರಸು ಕಾಲದಿಂದ ಶಿಕ್ಷಣ, ಕಂದಾಯ, ಗೃಹ ಅಂತ ಒಂದೊಂದೇ ಖಾತೆ ನೋಡಿಕೊಂಡ್ರು.

ಆದರೆ ಮುಖ್ಯಮಂತ್ರಿ ಕುರ್ಚಿ ಮಾತ್ರ ಸಿಗಲಿಲ್ಲ. 1999, 2004, 2013, ಮೂರು ಸಲವೂ ಇವರ ಹೆಸರು ಕೇಳಿಬಂತು. ಕುರ್ಚಿ ಹೋದದ್ದು ಎಸ್.ಎಂ. ಕೃಷ್ಣ, ಧರ್ಮಸಿಂಗ್, ಸಿದ್ದರಾಮಯ್ಯ ಅವರಿಗೆ. ಮೂರು ಸಲವೂ ಇವರು ಪಕ್ಷ ಒಡೆಯಲಿಲ್ಲ.

ದಿಲ್ಲಿ ದಾರಿ ತೆರೆದದ್ದರಲ್ಲಿ ಕ್ಷೇತ್ರ ಪುನರ್ವಿಂಗಡಣೆಯ ಪಾತ್ರವೂ ಇದೆ. 2008ರಲ್ಲಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯ್ತು, ಖರ್ಗೆ ಚಿತ್ತಾಪುರಕ್ಕೆ ಹೋದ್ರು. ಗುಲಬರ್ಗಾ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯ್ತು. 2009ರಲ್ಲಿ ಅಲ್ಲಿಂದ ಗೆದ್ದು ಕೇಂದ್ರದ ಕಾರ್ಮಿಕ ಸಚಿವ, 2013ರಲ್ಲಿ ರೈಲ್ವೆ ಸಚಿವ. ಇನ್ನೊಂದು ಅನುಕೂಲ ಭಾಷೆ. ನಮ್ಮ ಕಡೆಯವರಿಗೆ ಹಿಂದಿ-ಉರ್ದು ಶಾಲೆಯಲ್ಲಿ ಕಲಿಯೋ ವಿಷಯ ಅಲ್ಲ, ಬಜಾರಿನ ಮಾತು. ದಕ್ಷಿಣದ ಅನೇಕ ನಾಯಕರು ಸಂಸತ್ತಿನಲ್ಲಿ ಹಿಂದಿಗೆ ತಡಕಾಡುವಾಗ ಇವರು ಅದರಲ್ಲೇ ಜಗಳಕ್ಕೆ ನಿಲ್ತಾರೆ.

2014ರಲ್ಲಿ ಕಾಂಗ್ರೆಸ್ 44 ಸ್ಥಾನಕ್ಕೆ ಕುಸಿದಾಗ ಲೋಕಸಭೆಯಲ್ಲಿ ಪಕ್ಷದ ನಾಯಕರಾದ್ರು. 2019ರಲ್ಲಿ ಮೊದಲ ಸೋಲು, ಉಮೇಶ್ ಜಾಧವ್ ಎದುರು. ರಾಜಕೀಯ ಮುಗೀತು ಅಂದುಕೊಂಡವರೇ ಹೆಚ್ಚು. 2020ರಲ್ಲಿ ರಾಜ್ಯಸಭೆ, 2021ರಲ್ಲಿ ಅಲ್ಲಿ ವಿಪಕ್ಷ ನಾಯಕ. 2022ರ ಅಕ್ಟೋಬರ್‌ನಲ್ಲಿ ಶಶಿ ತರೂರ್ ವಿರುದ್ಧ 7,897 ಮತ ಪಡೆದು ಎಐಸಿಸಿ ಅಧ್ಯಕ್ಷ. ತರೂರ್‌ಗೆ ಬಂದದ್ದು 1,072. ನಿಜಲಿಂಗಪ್ಪನವರ ನಂತರ ಆ ಹುದ್ದೆಗೇರಿದ ಕನ್ನಡಿಗ ಇವರೇ.

ಸರಿ, ಒಬ್ಬ ನಾಯಕ ಮೇಲೆ ಹೋದ್ರೆ ಅವರ ಊರೂ ಮೇಲೆ ಹೋಗುತ್ತಾ?

ಇಲ್ಲಿ 371ಜೆ ವಿಷಯ ಬರುತ್ತೆ. ತೆಲಂಗಾಣದಲ್ಲಿ ‘ಲೋಕಲ್, ನಾನ್‌ಲೋಕಲ್’ ಅಂತ ಕೇಳಿರ್ತೀರಲ್ಲ, ಅದರ ಬೇರು 1973ರ 371ಡಿ ವಿಧಿಯಲ್ಲಿದೆ. ಅಂಥದ್ದೇ ನಮಗೂ ಬೇಕು ಅಂತ ಹೈದರಾಬಾದ್ ಕರ್ನಾಟಕದವರು ವರ್ಷಗಟ್ಟಲೆ ಕೇಳಿದ್ರು. ಖರ್ಗೆ ಕೇಂದ್ರದಲ್ಲಿದ್ದಾಗ, ಸಂವಿಧಾನದ 98ನೇ ತಿದ್ದುಪಡಿ ಮೂಲಕ 371ಜೆ ಬಂತು. ನಮ್ಮ ಭಾಗದ ಕಾಲೇಜುಗಳಲ್ಲಿ 70% ಸೀಟು ಸ್ಥಳೀಯರಿಗೆ, ರಾಜ್ಯದ ಬೇರೆ ಕಡೆ 8%. ಸರ್ಕಾರಿ ಕೆಲಸದಲ್ಲೂ ಪಾಲು.

ನಾನು ಸೇಡಂ ಕಡೆಯವನು. ನಾನು ಬಿಇ ಸೇರುವಾಗ ಇದು ಇರಲಿಲ್ಲ. 2015ರಲ್ಲಿ ನನ್ನ ತಂಗಿಗೆ ಬೆಂಗಳೂರಲ್ಲಿ ಮೆಡಿಕಲ್ ಸೀಟು ಸಿಕ್ಕಿದ್ದು ಆ 8%ನಲ್ಲಿ. ಅಪ್ಪ ಅವತ್ತು ಪಟ್ಟಿಯನ್ನ ಮೂರು ಸಲ ಓದಿಸಿದ್ರು. ಹಾಗಾಗಿ ‘ಏನೂ ಮಾಡಿಲ್ಲ’ ಅಂತ ಯಾರಾದ್ರೂ ಅಂದ್ರೆ ಒಪ್ಪೋಕೆ ಆಗಲ್ಲ. ಕಲಬುರಗಿಯ ಇಎಸ್‌ಐ ಮೆಡಿಕಲ್ ಕಾಲೇಜೂ ಅವರು ಕಾರ್ಮಿಕ ಸಚಿವರಾಗಿದ್ದಾಗಿನ ಕೆಲಸವೇ.

ಆದರೆ ಎಂಟೆಕ್ ಮುಗಿಸಿದ ನನಗೆ ಕಲಬುರಗಿಯಲ್ಲಿ ಕೆಲಸ ಇರಲಿಲ್ಲ. ಇವತ್ತಿಗೂ ಇಲ್ಲ. 371ಜೆ ಸೀಟು ಕೊಡುತ್ತೆ, ಸರ್ಕಾರಿ ಹುದ್ದೆ ಕೊಡುತ್ತೆ. ಖಾಸಗಿ ಕಂಪನಿ ಬರಬೇಕಂದ್ರೆ ರಸ್ತೆ, ನೀರು, ಕರೆಂಟು, ವಿಮಾನ ಎಲ್ಲ ಒಟ್ಟಿಗೆ ಬೇಕು. ಅದು 50 ವರ್ಷದಲ್ಲಿ ಕೂಡಿಬರಲಿಲ್ಲ. ಅದರ ಹೊಣೆ ಒಬ್ಬರ ಮೇಲೇ ಹಾಕೋದು ತಪ್ಪು. ಆದ್ರೆ ಅಷ್ಟು ವರ್ಷ ಆರಿಸಿ ಕಳಿಸಿದ ಜನ ಕೇಳಬಾರದು ಅನ್ನೋದೂ ತಪ್ಪು.

ದಸರಾ, ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಜೊತೆ ಈ ವಾದ ನಡೀತಾನೇ ಇರುತ್ತೆ. ಅಪ್ಪ ತಂಗಿಯ ಸೀಟು ತೋರಿಸ್ತಾರೆ. ನಾನು ನನ್ನ ಬಸ್ ಟಿಕೆಟ್ ತೋರಿಸ್ತೀನಿ.

ನಿಮ್ಮ ಮನೇಲಿ ಏನು ಮಾತು ನಡೆಯುತ್ತೆ? ತಿಳಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ.